ರೌಟರ್‌ಗೂ ಸೆಕೆ ಆಗ್ತದೆ – ವೈಫೈ ಪೆಟ್ಟಿಗೆ ತಣ್ಣಗೆ ಮಾಡಿದ ನನ್ನ ಅನುಭವ

ನಮ್ಮ ಮನೆ ಇರುವುದು ಕಟಪಾಡಿಯಿಂದ ಮಟ್ಟುವಿಗೆ ಹೋಗುವ ದಾರಿಯಲ್ಲಿ, ಸಮುದ್ರ ಹತ್ತಿರವೇ. ಏಪ್ರಿಲ್ ಮೇ ತಿಂಗಳ ಸೆಕೆ ಎಂತದ್ದು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಥರ್ಮಾಮೀಟರ್ 34 ಅಂತ ತೋರಿಸ್ತದೆ ಅಷ್ಟೇ, ಆದ್ರೆ ಫ್ಯಾನಿನ ಅಡಿಯಲ್ಲಿ ಕೂತ್ರೂ ಬೆವರು ನಿಲ್ಲುವುದಿಲ್ಲ, ರಾತ್ರಿ ಹನ್ನೊಂದಾದ್ರೂ ಗೋಡೆ ಬಿಸಿಯೇ ಇರ್ತದೆ. ನಾನು ಮನೆಯಿಂದಲೇ ಕೆಲಸ ಮಾಡುವವ. ದಿನಾ ಮಧ್ಯಾಹ್ನ ಎರಡೂವರೆಗೆ ಒಂದು ಕಾಲ್ ಇರ್ತದೆ, ಹೋದ ಬೇಸಿಗೆಯಲ್ಲಿ ಅದೇ ಹೊತ್ತಿಗೆ ಸರಿಯಾಗಿ ವೈಫೈ ಹೋಗುವುದು, ಎರಡು ನಿಮಿಷ ಬಿಟ್ಟು ತಾನಾಗಿಯೇ ಬರುವುದು, ಪುನಃ ಹೋಗುವುದು. ಬೆಳಿಗ್ಗೆ ಎಲ್ಲ ಸರಿ, ಸಂಜೆ ಏಳರ ಮೇಲೆ ಸರಿ.

ಮೊದಲು ಎಲ್ಲರ ಹಾಗೆ ನಾನೂ ಲೈನ್ ಸರಿ ಇಲ್ಲ ಅಂತಲೇ ಅಂದುಕೊಂಡೆ. ಕಂಪ್ಲೇಂಟ್ ಕೊಟ್ಟೆ, ಜನ ಬಂದ್ರು, ಫೈಬರ್ ಚೆಕ್ ಮಾಡಿದ್ರು, ಸಿಗ್ನಲ್ ಸರಿ ಉಂಟು ಅಂತ ಹೇಳಿ ಹೋದ್ರು. ಅವರು ಹೇಳಿದ್ದು ನಿಜವೇ ಆಗಿತ್ತು. ಅದು ನನಗೆ ಗೊತ್ತಾದದ್ದು ಹೇಗೆ ಅಂದ್ರೆ, ಕಂಪ್ಯೂಟರಿನಲ್ಲಿ ಕಮಾಂಡ್ ಟೈಪ್ ಮಾಡುವ ಎರಡು ಕಪ್ಪು ಕಿಟಕಿ ತೆಗೆದು ಒಂದರಲ್ಲಿ ರೌಟರಿನ ಸ್ವಂತ ಅಡ್ರೆಸ್ 192.168.1.1 ಗೆ, ಇನ್ನೊಂದರಲ್ಲಿ ಹೊರಗಿನ 8.8.8.8 ಗೆ (ಅದು ಗೂಗಲಿನ ಸರ್ವರ್) ಪಿಂಗ್ ಹಾಕಿ ಬಿಟ್ಟೆ, ಪಿಂಗ್ ಅಂದ್ರೆ ಆ ಕಡೆಯಿಂದ ಉತ್ತರ ಬರ್ತದಾ ಅಂತ ಕೇಳಿ ನೋಡುವ ಕಮಾಂಡ್. ಲೈನ್ ತೊಂದರೆ ಆದ್ರೆ ಹೊರಗಿನದ್ದು ಮಾತ್ರ ನಿಲ್ಲಬೇಕು, ಮನೆಯೊಳಗಿನ ರೌಟರ್ ಉತ್ತರ ಕೊಡ್ತಾ ಇರಬೇಕು. ನನ್ನಲ್ಲಿ ಎರಡೂ ಒಟ್ಟಿಗೆ ನಿಂತವು. ಹಾಗಾದ್ರೆ ರೋಗ ಪೆಟ್ಟಿಗೆಯಲ್ಲೇ. ಯಾರಿಗಾದ್ರೂ ಇಂಥ ತೊಂದರೆ ಇದ್ರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಈ ಪರೀಕ್ಷೆ ಮಾಡಿ, ಖರ್ಚು ಏನೂ ಇಲ್ಲ.

ರೌಟರ್ ಇದ್ದದ್ದು ಟಿವಿ ಅಡಿಯ ಮರದ ಗೂಡಿನಲ್ಲಿ, ಬಾಗಿಲು ಹಾಕಿ. ಚಂದ ಕಾಣ್ಲಿ ಅಂತ ನಾವೇ ಇಟ್ಟದ್ದು. ಪಕ್ಕದಲ್ಲಿ ಸೆಟ್‌ಟಾಪ್ ಬಾಕ್ಸ್, ಹಿಂದೆ ಇದ್ದದ್ದು ಪಡುವಣ ಗೋಡೆ, ಮಧ್ಯಾಹ್ನ ಮೇಲೆ ಬಿಸಿಲು ಪೂರ್ತಿ ಅದಕ್ಕೇ ಹೊಡೀತದೆ. ಕೈಯಿಟ್ಟು ನೋಡಿದ್ರೆ ಪೆಟ್ಟಿಗೆಯ ತಳ ಬಿಸಿ ಬಿಸಿ, ಐದು ಸೆಕೆಂಡು ಕೈ ಇಡ್ಲಿಕ್ಕೆ ಆಗುವುದಿಲ್ಲ. ಅಮ್ಮ ನೋಡಿ "ಮಗಾ, ಗೂಡಿನೊಳಗೆ ಬಾಗಿಲು ಹಾಕಿ ಕೂರಿಸಿದ್ರೆ ಅದಕ್ಕೂ ಸೆಕೆ ಆಗುವುದಿಲ್ವಾ, ಹಳೇ ಹಂಚಿನ ಮನೆಯಲ್ಲಿ ಮಾಡಿನ ಸಂದಿಯಿಂದ ಬಿಸಿ ಗಾಳಿ ಮೇಲೆ ಹೋಗ್ತಿತ್ತು, ಇಲ್ಲಿ ಎಲ್ಲಿಂದ ಹೋಗ್ಬೇಕು" ಅಂದ್ರು. ಆಮೇಲೆ ನಾನು ಮಾಡಿದ ಕೆಲಸಕ್ಕೆಲ್ಲ ಮೂಲ ಅಮ್ಮನ ಆ ಒಂದು ಮಾತೇ, ಬಿಸಿ ಗಾಳಿಗೆ ಮೇಲಿಂದ ಹೋಗ್ಲಿಕ್ಕೆ ದಾರಿ ಬೇಕು, ಕೆಳಗಿಂದ ತಣ್ಣಗಿನದ್ದು ಒಳಗೆ ಬರ್ಲಿಕ್ಕೂ ದಾರಿ ಬೇಕು.

ಲೆಕ್ಕ ನೋಡಿದ್ರೆ ಸಣ್ಣದೇ. ನನ್ನ ರೌಟರ್ ಎಳೆಯುವುದು 7-8 ವ್ಯಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. ಆದ್ರೆ ಅದು ಹೆಚ್ಚುಕಮ್ಮಿ ಪೂರ್ತಿ ಬಿಸಿಯಾಗಿಯೇ ಹೊರಗೆ ಬರಬೇಕು, ಅದೂ 24 ಗಂಟೆ. ರೌಟರ್ ಜೊತೆ ಬಂದ ಪುಸ್ತಕದಲ್ಲಿ ಸುತ್ತಲಿನ ಗಾಳಿ 0 ಯಿಂದ 40 ಡಿಗ್ರಿ ಒಳಗೆ ಇರಬೇಕು ಅಂತ ಬರೆದಿತ್ತು. ಮಲ್ಟಿಮೀಟರಿನ ಟೆಂಪರೇಚರ್ ವೈರ್, ಕೆ ಟೈಪ್ ಅಂತಾರಲ್ಲ ಅದನ್ನು ಗೂಡಿನೊಳಗೆ ತೂಗು ಹಾಕಿ ಬಾಗಿಲು ಹಾಕಿದೆ, ಮಧ್ಯಾಹ್ನ ಮೂರಕ್ಕೆ 46 ಬಂತು. ಅಂದ್ರೆ ಪೆಟ್ಟಿಗೆಯೊಳಗಿನ ಬಿಸಿ ಬಿಡಿ, ಅದು ಉಸಿರಾಡುವ ಗಾಳಿಯೇ ಮಿತಿ ದಾಟಿತ್ತು.

ಸೆಕೆ ಆಗಿ ರೌಟರ್ ಹ್ಯಾಂಗ್ ಆಗುವುದು ಕಣ್ಣಿಗೆ ಕಾಣುವ ತೊಂದರೆ, ಕಾಣದ್ದು ಇನ್ನೊಂದುಂಟು. ಬೋರ್ಡಿನಲ್ಲಿ ಸಣ್ಣ ಡಬ್ಬಿ ಹಾಗಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರ್ತದೆ, ಅದರ ಒಳಗಿನ ದ್ರವ ಬಿಸಿಗೆ ಮೆಲ್ಲ ಮೆಲ್ಲ ಒಣಗ್ತದೆ. ಹತ್ತು ಡಿಗ್ರಿ ಹೆಚ್ಚಾದ್ರೆ ಅದರ ಆಯುಷ್ಯ ಸುಮಾರು ಅರ್ಧ ಆಗ್ತದೆ ಅಂತ ಎಲೆಕ್ಟ್ರಾನಿಕ್ಸ್‌ನವರ ಲೆಕ್ಕ. ಹತ್ತು ಡಿಗ್ರಿ ಇಳಿಸಿದ್ರೆ ದುಪ್ಪಟ್ಟು ಅಂತಲೂ ಆಯ್ತಲ್ಲ. ನನಗೆ ಈ ಕೆಲಸ ಇಷ್ಟು ಮುಖ್ಯ ಅನಿಸಿದ್ದು ಇದಕ್ಕೇ, ಮೂರು ಸಾವಿರದ ಪೆಟ್ಟಿಗೆ ಎರಡು ವರ್ಷಕ್ಕೇ ಕಸಕ್ಕೆ ಹಾಕುವುದು ನನಗೆ ಮನಸ್ಸಿಗೆ ಬರುವುದಿಲ್ಲ.

ಮೊದಲ ದಿನ ಗೂಡಿನಿಂದ ತೆಗೆದು ಮೂಡುಗೋಡೆಯಲ್ಲಿ, ನೆಲದಿಂದ ಐದಡಿ ಎತ್ತರಕ್ಕೆ ಮೊಳೆ ಹೊಡೆದು ನೆಟ್ಟಗೆ ತೂಗು ಹಾಕಿದೆ. ಬೇರೆ ಏನೂ ಮಾಡ್ಲಿಲ್ಲ. ಬರೀ ಅದಕ್ಕೇ ರೌಟರಿನೊಳಗಿನ ಮುಖ್ಯ ಚಿಪ್ಪಿನ (ಎಲೆಕ್ಟ್ರಾನಿಕ್ ಚಿಪ್) ಮೇಲಿನ ಬಿಸಿ 81 ರಿಂದ 72 ಡಿಗ್ರಿಗೆ ಬಂತು. (ಚಿಪ್ಪಿನ ಬಿಸಿ ಅಳೆದದ್ದು ಹೇಗೆ ಅಂದ್ರೆ ಮೊದಲೇ ಪೆಟ್ಟಿಗೆ ಬಿಚ್ಚಿ ವೈರಿನ ತುದಿಯನ್ನು ಚಿಪ್ಪಿನ ಮುಚ್ಚಳಕ್ಕೆ ಟೇಪ್ ಹಾಕಿ ಹೊರಗೆ ತಂದಿದ್ದೆ.) ಕೆಲವರು ಇದಕ್ಕೆ ಇನ್‌ಫ್ರಾರೆಡ್ ಗನ್ ಹಿಡೀತಾರೆ, ಹೊಳೆಯುವ ಲೋಹಕ್ಕೆ ಅದನ್ನು ಹಿಡಿದ್ರೆ ಇದ್ದದ್ದಕ್ಕಿಂತ ತುಂಬ ಕಡಿಮೆ ತೋರಿಸ್ತದೆ, ಅಲ್ಲಿ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಟೇಪಿನ ಮೇಲೆ ಹಿಡಿದ್ರೆ ಸರಿ ಬರ್ತದೆ.

ಬಿಚ್ಚುವುದರಲ್ಲಿ ಸ್ವಲ್ಪ ತಾಳ್ಮೆ ಬೇಕು. ಸ್ಕ್ರೂ ಎರಡೇ, ರಬ್ಬರ್ ಕಾಲಿನ ಅಡಿಯಲ್ಲಿ ಅಡಗಿರ್ತದೆ, ಸುತ್ತ ಪ್ಲಾಸ್ಟಿಕ್ ಕ್ಲಿಪ್. ಹಳೇ ಎಟಿಎಂ ಕಾರ್ಡ್ ಸಂದಿಗೆ ತುರುಕಿ ಮೆಲ್ಲ ಜಾರಿಸ್ತಾ ಹೋದ್ರೆ ಟಿಕ್ ಟಿಕ್ ಅಂತ ಬಿಡ್ತದೆ. ಮುಚ್ಚಳವನ್ನು ಒಮ್ಮೆಲೇ ಎಳೆಯಬೇಡಿ, ಆಂಟೆನಾದ ತೆಳು ವೈರ್ ಬೋರ್ಡಿಗೆ ಬೆಸುಗೆ ಹಾಕಿರ್ತಾರೆ, ಅದು ಕಿತ್ತು ಬಂದ್ರೆ ಪುನಃ ಸರಿಯಾಗಿ ಹಾಕುವುದು ಕಷ್ಟ. ವಾರಂಟಿ ಇರುವ ಪೆಟ್ಟಿಗೆ ಬಿಚ್ಚಿದ್ರೆ ವಾರಂಟಿ ಹೋಯ್ತು ಅಂತಲೇ ಲೆಕ್ಕ, ನನ್ನದ್ದು ಮುಗಿದಿತ್ತು. ಮತ್ತೆ, ಕರೆಂಟಿಗೆ ಹಾಕುವ ಅಡಾಪ್ಟರ್ ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು, ಅದರೊಳಗೆ 230 ವೋಲ್ಟ್ ಇರ್ತದೆ.

ಒಳಗೆ ನೋಡಿದ್ರೆ ಮುಖ್ಯ ಚಿಪ್ಪಿನ ಮೇಲೂ ವೈಫೈ ಚಿಪ್ಪಿನ ಮೇಲೂ ತಗಡಿನ ಮುಚ್ಚಳ, ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಎಳೆದು ಗಾಳಿಗೆ ಬಿಡುವ ರೆಕ್ಕೆಯ ಲೋಹದ ತುಂಡು) ಅಂತ ಎಂತದೂ ಇಲ್ಲ. ಉಡುಪಿಯಲ್ಲಿ ಟಿವಿ ರಿಪೇರಿ ಮಾಡುವ ಅಣ್ಣ ಒಬ್ರಿದ್ದಾರೆ, ಅವರ ಹತ್ರ ಹಳೇ ಆಂಪ್ಲಿಫೈಯರಿನ ಅಲ್ಯೂಮಿನಿಯಂ ಹೀಟ್‌ಸಿಂಕ್ ಒಂದು ಸಿಕ್ಕಿತು. ಹ್ಯಾಕ್ಸಾ ಬ್ಲೇಡಿನಲ್ಲಿ ಎರಡು ತುಂಡು ಮಾಡಿ, ಅಡಿಯನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಸಪಾಟು ಮಾಡಿದೆ, ಈ ಕೆಲಸ ಅಂಗಳದಲ್ಲಿ ಮಾಡಿ, ಅಲ್ಯೂಮಿನಿಯಂ ಹುಡಿ ಒಂದು ಕಣ ಬೋರ್ಡಿಗೆ ಬಿದ್ರೂ ಶಾರ್ಟ್ ಆಗ್ಬಹುದು.

ಇಲ್ಲಿಯೇ ನನ್ನಿಂದ ತಪ್ಪಾದದ್ದು. ಚಿಪ್ಪಿನ ಬಿಸಿ ಹೀಟ್‌ಸಿಂಕಿಗೆ ದಾಟ್ಲಿಕ್ಕೆ ಕಂಪ್ಯೂಟರಿಗೆ ಹಾಕುವ ಥರ್ಮಲ್ ಪೇಸ್ಟ್ ಮನೆಯಲ್ಲಿತ್ತು, ಅದನ್ನೇ ಸವರಿ ಹೀಟ್‌ಸಿಂಕ್ ಕೂರಿಸಿ ಮುಚ್ಚಿ ಗೋಡೆಗೆ ಹಾಕಿದೆ. ಗಟ್ಟಿ ಕೂತ ಹಾಗೆ ಅನಿಸಿತ್ತು. ನಾಲ್ಕನೇ ದಿನ ಮಧ್ಯಾಹ್ನ ಮೂರನೇ ಲ್ಯಾನ್ ಪೋರ್ಟಿನ (ನೆಟ್ ಕೇಬಲ್ ಚುಚ್ಚುವ ಜಾಗ) ಲೈಟ್ ಹೋಯ್ತು. ಪೆಟ್ಟಿಗೆ ಕೈಗೆ ತೆಗೆದುಕೊಂಡ್ರೆ ಒಳಗೆ ಗಡಗಡ ಶಬ್ದ. ಬಿಚ್ಚಿ ನೋಡಿದ್ರೆ ಪೇಸ್ಟ್ ಬಿಸಿಗೆ ತೆಳುವಾಗಿ ಹೀಟ್‌ಸಿಂಕ್ ಮೆಲ್ಲ ಕೆಳಗೆ ಜಾರಿದೆ, ತಗಡಿನ ಮೇಲೆ ಬೂದು ಬಣ್ಣದ ಗೆರೆ ಒಂದೂವರೆ ಇಂಚು ಉದ್ದಕ್ಕೆ, ಸೊಳ್ಳೆಬತ್ತಿಯ ಬೂದಿ ಬೆರಳಲ್ಲಿ ಎಳೆದ ಹಾಗೆ, ಗೆರೆಯ ಕೊನೆಯಲ್ಲಿ ಆ ಅಲ್ಯೂಮಿನಿಯಂ ತುಂಡು ಲ್ಯಾನ್ ಪೋರ್ಟಿನ ಪಿನ್ನುಗಳ ಮೇಲೆ ಅಡ್ಡ ಬಿದ್ದುಕೊಂಡಿದೆ. ಆ ಪೋರ್ಟ್ ಇವತ್ತಿಗೂ ಕೆಲಸ ಮಾಡುವುದಿಲ್ಲ. ರಿಪೇರಿ ಅಣ್ಣನಿಗೆ ತೋರಿಸಿದ್ದಕ್ಕೆ ಅವರು "ಪೇಸ್ಟ್ ಗಮ್ ಅಲ್ಲ ಮಾರಾಯ, ಕಂಪ್ಯೂಟರಿನಲ್ಲಿ ಅದನ್ನು ಸ್ಕ್ರೂ ಹಾಕಿ ಒತ್ತಿ ಹಿಡಿದಿರ್ತಾರೆ, ಇಲ್ಲಿ ಹಿಡಿಯುವವ ಯಾರು" ಅಂತ ಕೇಳಿದ್ರು. ನೆಟ್ಟಗೆ ತೂಗು ಹಾಕುವ ಪೆಟ್ಟಿಗೆಗೆ ಇದು ಇನ್ನೂ ಮುಖ್ಯ.

ಎರಡನೇ ಸಲ ಎರಡೂ ಬದಿ ಅಂಟುವ ಥರ್ಮಲ್ ಟೇಪ್ ತರಿಸಿದೆ. ಸಾದಾ ಡಬಲ್ ಸೈಡ್ ಟೇಪ್ ಆಗುವುದಿಲ್ಲ, ಅದರ ಸ್ಪಂಜು ಬಿಸಿಯನ್ನು ತಡೆದು ಹಿಡೀತದೆ, ಕಂಬಳಿ ಹೊದೆಸಿದ ಹಾಗೆ. ತಗಡು ಮತ್ತು ಹೀಟ್‌ಸಿಂಕ್ ಎರಡನ್ನೂ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಚೆನ್ನಾಗಿ ಒರೆಸಿ, ಎಣ್ಣೆ ಕೈ ತಾಗದ ಹಾಗೆ ಟೇಪ್ ಹಾಕಿ ಒಂದು ನಿಮಿಷ ಒತ್ತಿ ಹಿಡಿದೆ, ಕೆಳಗೆ ಪಿನ್ನು ಇರುವ ಜಾಗಕ್ಕೆ ಬಿಸಿ ತಾಳುವ, ಕರೆಂಟ್ ಹಾಯದ ಕ್ಯಾಪ್ಟಾನ್ (Kapton) ಟೇಪ್ ಕೂಡ ಹಾಕಿದೆ, ಒಂದು ವೇಳೆ ಬಿದ್ರೂ ಶಾರ್ಟ್ ಆಗಬಾರದು. ಇನ್ನೊಂದು ವಿಷಯ, ಹೀಟ್‌ಸಿಂಕಿನ ರೆಕ್ಕೆಗಳು ಮೇಲೆ ಕೆಳಗೆ ಹೋಗುವ ಹಾಗೆ ಕೂರಿಸಬೇಕು, ಅಡ್ಡ ಕೂರಿಸಿದ್ರೆ ಮೇಲೆ ಏರುವ ಗಾಳಿಗೆ ಪ್ರತಿ ರೆಕ್ಕೆಯೂ ಒಂದು ಗೋಡೆ. ತಗಡಿನ ಮುಚ್ಚಳವನ್ನು ಕೀಳ್ಲಿಕ್ಕೆ ನಾನು ಹೋಗ್ಲಿಲ್ಲ, ಅದು ಬೋರ್ಡಿಗೆ ಬೆಸುಗೆ ಆಗಿತ್ತು, ಅದರ ಮೇಲೆಯೇ ಅಂಟಿಸಿದೆ. ಪ್ಲಾಸ್ಟಿಕ್ ಮೇಲ್ಭಾಗಕ್ಕೆ ಹೀಟ್‌ಸಿಂಕ್ ತಾಗ್ತಿತ್ತು, ಅಲ್ಲಿ ಚೌಕ ಕೊರೆದೆ, ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ 4 ಎಂಎಂ ಡ್ರಿಲ್ ಬಿಟ್ಟಿನಲ್ಲಿ ಸಾಲು ತೂತು. ತೂತಿಗೆಲ್ಲ ಒಳಗಿಂದ ಕಿಟಕಿಯ ಸೊಳ್ಳೆ ನೆಟ್ ಅಂಟಿಸಿದೆ, ಇಲ್ಲದಿದ್ರೆ ನಮ್ಮ ಊರಿನಲ್ಲಿ ವಾರದೊಳಗೆ ಇರುವೆ, ತಿಂಗಳೊಳಗೆ ಹಲ್ಲಿ ಸಂಸಾರ ಮಾಡ್ತದೆ. ಚಿಪ್ಪಿನ ಬಿಸಿ 63 ಕ್ಕೆ ಇಳಿಯಿತು.

ಅಲ್ಲಿಗೇ ನಿಲ್ಲಿಸಿದ್ರೂ ಆಗ್ತಿತ್ತು, ಕಾಲ್ ಕಟ್ ಆಗುವುದು ಹೀಟ್‌ಸಿಂಕ್ ಹಾಕಿದ ದಿನವೇ ನಿಂತಿತ್ತು. ಆದ್ರೂ ಮೇ ತಿಂಗಳಿಗೆ ಅಂತ ಒಂದು ಫ್ಯಾನ್ ಹಾಕಿದೆ. ಹಳೇ ಕಂಪ್ಯೂಟರಿನ 80 ಎಂಎಂ ಫ್ಯಾನ್, 12 ವೋಲ್ಟಿನದ್ದು, 0.15 ಆಂಪಿಯರ್ ಅಂತ ಬರೆದಿತ್ತು. ಅದನ್ನು 12 ರಲ್ಲಿ ಓಡಿಸಿದ್ರೆ ರಾತ್ರಿ ಕಿವಿಗೆ ಬೀಳ್ತದೆ, ರೌಟರಿನ ಯುಎಸ್‌ಬಿ ಪೋರ್ಟಿನ 5 ವೋಲ್ಟಿಗೆ ಕೊಟ್ಟೆ, ಹಳೇ ಚಾರ್ಜಿಂಗ್ ಕೇಬಲ್ ಕತ್ತರಿಸಿ ಕೆಂಪಿಗೆ ಕೆಂಪು ಕಪ್ಪಿಗೆ ಕಪ್ಪು. ನಿಧಾನ ತಿರುಗ್ತದೆ, ಶಬ್ದವೇ ಇಲ್ಲ, ಕರೆಂಟೂ ಬರೆದದ್ದರ ಅರ್ಧಕ್ಕಿಂತ ಕಡಿಮೆ, ಪೋರ್ಟಿಗೆ ಭಾರ ಅಲ್ಲ. ಕೆಲವು ಫ್ಯಾನ್ 5 ವೋಲ್ಟಿನಲ್ಲಿ ಶುರುವೇ ಆಗುವುದಿಲ್ಲ, ಬೆರಳಲ್ಲಿ ತಳ್ಳಿದ್ರೆ ಮಾತ್ರ ಓಡ್ತದೆ, ಅಂಥದ್ದು ಹಾಕಿದ್ರೆ ಕರೆಂಟ್ ಹೋಗಿ ಬಂದಾಗ ಹಾಗೇ ನಿಂತಿರ್ತದೆ, ಮೊದಲು ಮೊಬೈಲ್ ಚಾರ್ಜರಿಗೆ ಹಾಕಿ ಹತ್ತು ಸಲ ಆನ್ ಆಫ್ ಮಾಡಿ ನೋಡಿ. ಫ್ಯಾನನ್ನು ಪೆಟ್ಟಿಗೆಗೆ ನೇರ ಸ್ಕ್ರೂ ಮಾಡಿದ್ರೆ ಗುಂಯ್ ಅಂತ ಗೋಡೆಯೇ ನಡುಗ್ತಿತ್ತು, ಹಳೇ ಹವಾಯಿ ಚಪ್ಪಲಿ ಕತ್ತರಿಸಿ ನಾಲ್ಕು ಮೂಲೆಗೆ ಒಂದೊಂದು ತುಂಡು ಇಟ್ಟ ಮೇಲೆ ಪೂರ್ತಿ ನಿಂತಿತು. ಹೊರಗೆ ಎಳೆಯುವ ಹಾಗೂ ಒಳಗೆ ಊದುವ ಹಾಗೂ ಎರಡೂ ನೋಡಿದೆ, ಹೀಟ್‌ಸಿಂಕಿನ ಮೇಲೆ ನೇರ ಊದುವುದರಲ್ಲಿ ನಾಲ್ಕು ಡಿಗ್ರಿ ಹೆಚ್ಚು ಲಾಭ ಸಿಕ್ಕಿತು. ಚಿಪ್ಪಿನ ಬಿಸಿ 50-51 ರಲ್ಲಿ ನಿಂತಿತು, ಕೋಣೆ 33 ಇದ್ದಾಗ. ಸೆಟ್ಟಿಂಗಿನಲ್ಲಿ ವೈಫೈ ಪವರ್ ಹೈ ಇದ್ದದ್ದನ್ನು ಮೀಡಿಯಂ ಮಾಡಿದೆ, ನಮ್ಮದು ಸಣ್ಣ ಮನೆ, ಹಿತ್ತಿಲಿನ ಬಾವಿಕಟ್ಟೆವರೆಗೆ ಸಿಗ್ನಲ್ ಬರ್ತದೆ, ಸಾಕು. ಅದರಿಂದ ಎರಡು ಡಿಗ್ರಿ.

ಈಗ ಮಳೆಗಾಲದ ವಿಷಯ, ಇದನ್ನು ಬೆಂಗಳೂರಿನ ಗೆಳೆಯರು ಯಾರೂ ಹೇಳಿರ್ಲಿಲ್ಲ, ನಾನೇ ನೋಡಿ ತಿಳಿದದ್ದು. ಜೂನ್ ಮೂರನೇ ವಾರ ಒಮ್ಮೆ ಬಿಚ್ಚಿ ನೋಡಿದೆ. ಫ್ಯಾನಿನ ಗಾಳಿ ನೇರ ಬಡಿಯುವ ಜಾಗದಲ್ಲಿ ಅಲ್ಯೂಮಿನಿಯಂ ಮೇಲೆ ಬಿಳಿ ಹುಡಿ, ಉಪ್ಪಿನ ಭರಣಿಯ ಬಾಯಿಯಲ್ಲಿ ಕಟ್ಟುವ ಹಾಗೆ. ಸ್ಕ್ರೂ ತಲೆಯಲ್ಲಿ ಕೆಂಪು ತುಕ್ಕು. ಸಮುದ್ರದ ಗಾಳಿಯಲ್ಲಿ ಉಪ್ಪು ಇರ್ತದೆ, ಮಳೆಗಾಲದಲ್ಲಿ ಪಸೆಯೂ ಸೇರ್ತದೆ, ಫ್ಯಾನ್ ಹಾಕಿ ನಾನೇ ಅದನ್ನು ಬೋರ್ಡಿಗೆ ಹಗಲು ರಾತ್ರಿ ಊದ್ತಾ ಇದ್ದೆ. ಮಳೆಗಾಲದಲ್ಲಿ ಪೆಟ್ಟಿಗೆ ಸ್ವಲ್ಪ ಬೆಚ್ಚಗೆ ಇರುವುದೇ ಒಳ್ಳೇದು, ಆ ಬಿಸಿಗೆ ಒಳಗೆ ಪಸೆ ನಿಲ್ಲುವುದಿಲ್ಲ, ನಮ್ಮಲ್ಲಿ ಉಪ್ಪು ಬೆಂಕಿಕಡ್ಡಿ ಎಲ್ಲ ಒಲೆಯ ಹತ್ರ ಇಡುವುದೂ ಅದಕ್ಕೇ ಅಲ್ವಾ. ಹಾಗಾಗಿ ಮೊದಲ ಮಳೆ ಹಿಡಿದ ಕೂಡ್ಲೇ ಫ್ಯಾನಿನ ಯುಎಸ್‌ಬಿ ಪಿನ್ ತೆಗೀತೇನೆ, ಅಕ್ಟೋಬರಿನಲ್ಲಿ ಸೆಕೆ ಶುರುವಾದ ಮೇಲೆ ಪುನಃ ಹಾಕ್ತೇನೆ. ಹಳೇ ಟೂತ್‌ಬ್ರಷಿನಲ್ಲಿ ಬಿಳಿ ಹುಡಿ ಉಜ್ಜಿ, ಆಲ್ಕೋಹಾಲಿನಲ್ಲಿ ಒರೆಸಿ, ಸ್ಕ್ರೂ ಬದಲಿಸಿ ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಿದೆ. ಟೇಪ್ ಮಾತ್ರ ಹಾಕಿದ ಹಾಗೆಯೇ ಗಟ್ಟಿ ಹಿಡಿದಿತ್ತು, ಬೆರಳಲ್ಲಿ ತಿರುಗಿಸಿ ನೋಡಿದೆ, ಅಲುಗಾಡ್ಲಿಲ್ಲ.

ಕಂಪನಿಯವರು ಕೊಟ್ಟ ಫೈಬರ್ ಪೆಟ್ಟಿಗೆಯೇ ನಿಮ್ಮ ರೌಟರ್ ಕೂಡ ಆಗಿದ್ರೆ ಅದನ್ನು ಬಿಚ್ಚಬೇಡಿ, ಅದು ಹೆಚ್ಚಾಗಿ ಅವರ ಸೊತ್ತು. ಗೂಡಿನಿಂದ ಹೊರಗೆ ತೆಗೆದು, ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಅಡಿಗೆ ಚಪ್ಪಲಿ ರಬ್ಬರಿನ ಎರಡು ತುಂಡು ಇಟ್ಟು ಗಾಳಿ ಹೋಗ್ಲಿಕ್ಕೆ ಜಾಗ ಬಿಡಿ, ಫೈಬರ್ ವೈರ್ ಮಾತ್ರ ಚೂಪಾಗಿ ಮಡಿಸಬಾರದು. ಪಕ್ಕದ ಮನೆಯ ಅಕ್ಕನಿಗೆ ಇಷ್ಟೇ ಮಾಡಿಕೊಟ್ಟದ್ದು, ಬೇಸಿಗೆ ಪೂರ್ತಿ ಅವರ ಮಗನ ಆನ್‌ಲೈನ್ ಕ್ಲಾಸ್ ಒಮ್ಮೆಯೂ ನಿಲ್ಲಲಿಲ್ಲ.