ಲಘುಪ್ರಬಂಧಕ್ಕೆ ಆಕರ ಹುಡುಕುವುದು ಹೇಗೆ?

ವಿಜಯಪುರದ ಅಂಚಿನ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿ ಎಂ.ಇಡಿ. (ಶಿಕ್ಷಣದ ಸ್ನಾತಕೋತ್ತರ ಪದವಿ) ಓದುವವರಿರಲಿ, ಬೇರೆಡೆ ಓದುವವರಿರಲಿ, ಲಘುಪ್ರಬಂಧ ಅಂದರೆ ಪದವಿಗಾಗಿ ಬರೆಯುವ ಕಿರು ಸಂಶೋಧನಾ ಬರಹಕ್ಕೆ ಹೊರಟಾಗ ಗ್ರಂಥಪಾಲಕರಿಗೆ ಮೊದಲು ಹಾಕುವ ಪ್ರಶ್ನೆ ಒಂದೇ: ‘ನನ್ನ ವಿಷಯದ ಮೇಲೆ ಪುಸ್ತಕ ಇದೆಯೇ ಸರ್?’ ಇಲ್ಲ ಎನ್ನುವ ಉತ್ತರ ಬಹುತೇಕ ಖಚಿತ. ಇದ್ದಿದ್ದರೆ ನೀವು ಪ್ರಬಂಧ ಬರೆಯುವ ಗೋಜಾದರೂ ಏಕೆ?

ಮೊದಲು ವಿಷಯವನ್ನು ಒಡೆಯಿರಿ. ಇಂಡಿ ತಾಲ್ಲೂಕಿನಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳ ಶಾಲಾ ಹಾಜರಾತಿ ನಿಮ್ಮ ವಿಷಯ ಎಂದುಕೊಳ್ಳಿ. ಅದರಲ್ಲಿ ಗುಳೆ, ದುಡಿಮೆ, ಹಾಜರಾತಿ, ಮಗುವಿನ ಮನಸ್ಸು ಎಲ್ಲವೂ ಇವೆ.

ಈಗ ಕಪಾಟಿಗೆ ಹೋಗಿ. ಪುಸ್ತಕಗಳನ್ನು ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ, ಅಂದರೆ ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಟ್ಟು ಜೋಡಿಸಿದ್ದರೆ ಶಿಕ್ಷಣಕ್ಕೆ 370ರಿಂದ 379. ಶೈಕ್ಷಣಿಕ ಮನೋವಿಜ್ಞಾನ 370.15, ಪ್ರಾಥಮಿಕ ಶಿಕ್ಷಣ 372, ಸರ್ಕಾರದ ಶಿಕ್ಷಣ ನೀತಿ 379. ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ, ತಪ್ಪುವುದೂ ಇಲ್ಲಿಯೇ. ಜನರ ವಲಸೆ 304.8ರಲ್ಲಿದೆ; ಬಾಲಕಾರ್ಮಿಕರ ಪುಸ್ತಕಗಳು 331.3ರಲ್ಲಿ, ಮಕ್ಕಳ ಮನೋವಿಜ್ಞಾನ 155.4ರಲ್ಲಿ. ನಿಮಗೆ ಬೇಕಾದ ಒಳ್ಳೆಯ ಅಧ್ಯಾಯ ಸಮಾಜಶಾಸ್ತ್ರದವರ ಸಾಲಿನಲ್ಲಿ ದೂಳು ಹಿಡಿದು ಕುಳಿತಿರಬಹುದು. ಕಂಪ್ಯೂಟರ್ ಕ್ಯಾಟಲಾಗ್‌ನಲ್ಲಿ ಒಂದು ಪುಸ್ತಕದ ಸಂಖ್ಯೆ ಸಿಕ್ಕರೆ ಸಾಕು, ಅದರ ಎಡಬಲದ ಹತ್ತು ಪುಸ್ತಕಗಳನ್ನು ತೆಗೆದು ಪರಿವಿಡಿ ನೋಡಿ.

ಮುಂದಿನದು ಹಳೆಯ ಪ್ರಬಂಧಗಳು. ಅವನ್ನು ಹಿಂದಿನಿಂದ ಓದಿ. ಕೊನೆಯ ಪುಟಗಳಲ್ಲಿರುವ, ಬಳಸಿಕೊಂಡ ಪುಸ್ತಕಗಳ ಪಟ್ಟಿಗೆ ನಮ್ಮಲ್ಲಿ ‘ಗ್ರಂಥಋಣ’ ಎಂಬ ಚೆಂದದ ಹೆಸರಿದೆ. ಆ ಸಾಲದ ಲೆಕ್ಕವೇ ನಿಮ್ಮ ಬಂಡವಾಳ. ಮೂರು ಪ್ರಬಂಧಗಳಲ್ಲೂ ಕಾಣುವ ಪುಸ್ತಕವನ್ನು ಬಿಡುವಂತಿಲ್ಲ. ಆದರೆ ಪಟ್ಟಿಯನ್ನು ಹಾಗೆಯೇ ನಕಲು ಮಾಡಬೇಡಿ. ಓದದ ಪುಸ್ತಕದ ಬಗ್ಗೆ ಮೌಖಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದರೆ ಬಣ್ಣ ಬಯಲಾಗುತ್ತದೆ.

ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಮಹಾಪ್ರಬಂಧಗಳು ‘ಶೋಧಗಂಗಾ’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಡೆಸುತ್ತದೆ. ಎಂ.ಇಡಿ. ಲಘುಪ್ರಬಂಧಗಳನ್ನು ಅಲ್ಲಿ ಹುಡುಕಬೇಡಿ, ವಿಭಾಗದ ಬೀರುವಿನಲ್ಲಿ ಕೇಳಿ. ವಿದೇಶಿ ಲೇಖನಗಳಿಗೆ ಅಮೆರಿಕದ ‘ಎರಿಕ್’ ಎಂಬ ಶಿಕ್ಷಣ ಲೇಖನಗಳ ಜಾಲತಾಣ ಇದೆ, ಅದೂ ಉಚಿತ. ಅಲ್ಲಿ ಗುಳೆ ಎಂದರೆ ನಡೆಯದು, ‘ಮೈಗ್ರೆಂಟ್ ಚಿಲ್ಡ್ರನ್’ ಎಂದು ಹುಡುಕಬೇಕು. ಪೂರ್ಣಪಾಠ ಇರುವ ಲೇಖನಗಳನ್ನಷ್ಟೇ ತೋರಿಸುವ ಆಯ್ಕೆಯೂ ಇದೆ.

ಇನ್ನು ಟಿಪ್ಪಣಿ. ಆಕರ ವಿಭಾಗದ ಪುಸ್ತಕಗಳನ್ನು ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲ. ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿಸುವಾಗ ಶೀರ್ಷಿಕೆ ಪುಟವನ್ನೂ ಅದರ ಬೆನ್ನಿನ ಪುಟವನ್ನೂ ಸೇರಿಸಿ. ಪ್ರಕಾಶಕರು, ಆವೃತ್ತಿ, ವರ್ಷ ಇರುವುದು ಅಲ್ಲಿಯೇ. ಬರೀ ಒಂದು ಇಸವಿಗಾಗಿ ನಾನು ತಿಕೋಟಾದಿಂದ ಮತ್ತೊಮ್ಮೆ ಬಸ್ ಹತ್ತಿದ್ದುಂಟು. ಹೋಗಿ ನೋಡಿದರೆ ಆ ಪುಸ್ತಕವನ್ನು ಬೈಂಡಿಂಗ್‌ಗೆ ಕಳಿಸಿದ್ದರು.