ಅಡುಗೆಮನೆ ಟೈಲ್ಸ್ ಕಾಲಿಗೆ ತಣ್ಣಗೆ ಕೊರೀತಿದ್ಯಾ? ಕೆಳಗೆ ಇನ್ಸುಲೇಶನ್ ಹಾಕೋದು ಹೀಗೆ

ಬೆಳಗ್ಗೆ ಬರಿಗಾಲಲ್ಲಿ ಅಡುಗೆಮನೆಗೆ ಹೋದ್ರೆ ಕಾಲು ಜುಮ್ ಅನ್ನತ್ತಲ್ಲ, ಟೈಲ್ಸ್ ಏನು ಪಕ್ಕದ ರೂಮಿನ ಮರದ ನೆಲಕ್ಕಿಂತ ತಣ್ಣಗಿರಲ್ಲ, ಕಾಲಿನ ಬಿಸಿನ ಬೇಗ ಎಳ್ಕೊಳತ್ತೆ ಅಷ್ಟೆ, ಎಳ್ಕೊಂಡಿದ್ದನ್ನ ಕೆಳಗಿನ ಕಾಂಕ್ರೀಟು ನುಂಗತ್ತೆ. ಮಧ್ಯೆ ಇನ್ಸುಲೇಶನ್, ಅಂದ್ರೆ ಬಿಸಿ ತಡೆಯೋ ಪದರ, ಹಾಕಿದ್ರೂ ಮೊದಲ ಹೆಜ್ಜೆ ಸ್ವಲ್ಪ ತಣ್ಣಗೇ ಇರತ್ತೆ, ಆದ್ರೆ ರೂಮು ಬೆಚ್ಚಗಾದ ಹಾಗೆ ನೆಲಾನೂ ಬೇಗ ಬೆಚ್ಚಗಾಗತ್ತೆ.

ಮೆತ್ತಗಿರೋ ಫೋಮ್ ಶೀಟು ಮಾತ್ರ ಬೇಡವೇ ಬೇಡ, ಅದು ಲ್ಯಾಮಿನೇಟ್ ನೆಲಕ್ಕೆ ಸರಿ, ಟೈಲ್ಸ್ ಕೆಳಗೆ ಹಾಕಿದ್ರೆ ಓಡಾಡಿದಾಗೆಲ್ಲ ಅಮುಕಿ ಮೊದ್ಲು ಗ್ರೌಟು (ಟೈಲ್ಸ್ ಸಂದಿಗೆ ತುಂಬೋ ಗಾರೆ) ಆಮೇಲೆ ಟೈಲೇ ಬಿರುಕು ಬಿಡತ್ತೆ. ಬೇಕಿರೋದು ಎರಡೂ ಕಡೆ ಸಿಮೆಂಟ್ ಲೇಪ ಇರೋ ಗಟ್ಟಿ ಎಕ್ಸ್‌ಪಿಎಸ್ (ಒತ್ತಾಗಿರೋ ಪಾಲಿಸ್ಟೈರೀನ್ ಫೋಮ್) ಬೋರ್ಡು. 10 ಎಂಎಂ ಬೋರ್ಡು ತಡೆಯೋ ಬಿಸಿನ ಕಾಂಕ್ರೀಟ್ ತಡೀಬೇಕಂದ್ರೆ ಒಂದಡಿಗಿಂತ ಜಾಸ್ತಿ ದಪ್ಪ ಬೇಕು!

ಮೊದ್ಲು ತೇವ ನೋಡಿ. ಒಂದೂವರೆ ಅಡಿ ಪ್ಲಾಸ್ಟಿಕ್ ಶೀಟನ್ನ ಕಾಂಕ್ರೀಟ್ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದಿನ ಬಿಡಿ, ಅಡಿಯಲ್ಲಿ ನೀರು ಬೆವರಿದ್ರೆ ಮೊದ್ಲು ಅದನ್ನ ಸರಿಮಾಡಿಸಿ. ಉಬ್ಬು ತಗ್ಗು ಇದ್ರೆ ಮಟ್ಟ ಮಾಡ್ಕೊಳ್ಳಿ. ಕೆಳಗೆ ಮರದ ನೆಲ ಇದ್ದು ಕುಣಿದ್ರೆ ಅಲುಗಾಡತ್ತೆ ಅಂದ್ರೆ ಅದನ್ನ ಬಿಗಿ ಮಾಡದೆ ಮುಂದಕ್ಕೆ ಹೋಗ್ಬೇಡಿ.

ಗುಡಿಸಿ, ಪ್ರೈಮರ್ ಹೊಡೆದು, ಹಲ್ಲಿರೋ ಕರಣೆಯಲ್ಲಿ ಟೈಲ್ ಅಂಟು ಎಳೆದು ಬೋರ್ಡು ಕೂರಿಸಿ ಚೆನ್ನಾಗಿ ಒತ್ತಿ, ಇಟ್ಟಿಗೆ ಗೋಡೆ ಥರ ಸಂದು ತಪ್ಪಿಸಿ ಜೋಡಿಸಿ, ಗೋಡೆ ಪಕ್ಕ 6 ಎಂಎಂ ಜಾಗ ಬಿಡಿ. ಸಂದಿಗೆಲ್ಲ ಮೆಶ್ ಟೇಪ್. ನೆಲ ಬಿಸಿ ಮಾಡೋ ಹೀಟಿಂಗ್ ಮ್ಯಾಟ್ ಹಾಕೋರು ಬೋರ್ಡಿನ ಮೇಲೇ ಹಾಕ್ಬೇಕು, ಕೆಳಗೆ ಹಾಕಿದ್ರೆ ಬಿಸಿ ಎಲ್ಲ ಪಾತಾಳಕ್ಕೆ.

ಅಂಟು ಗಟ್ಟಿಯಾದ್ಮೇಲೆ ಫ್ಲೆಕ್ಸಿಬಲ್ ಅಂಟಿನಲ್ಲಿ ಟೈಲ್ಸ್. ಮೂರ್ನಾಲ್ಕು ಹಾಕಿದ್ಮೇಲೆ ಒಂದನ್ನ ಎತ್ತಿ ಹಿಂಭಾಗ ನೋಡಿ, ಮಧ್ಯೆ ಮಾತ್ರ ಅಂಟು ಹತ್ತಿ ಮೂಲೆ ಖಾಲಿ ಇದ್ರೆ ನಾಳೆ ಅಲ್ಲಿ ಕುಕ್ಕರ್ ಬಿದ್ದಾಗ ಮೂಲೆ ಮುರಿಯತ್ತೆ. ಮಾರನೇ ದಿನ ಗ್ರೌಟು, ಗೋಡೆ ಪಕ್ಕದ ಸಂದಿಗೆ ಮಾತ್ರ ಸಿಲಿಕೋನ್.

ಇನ್ನೊಂದು, ನಾನು ಪೆಟ್ಟು ತಿಂದು ಕಲಿತಿದ್ದು. ಬೋರ್ಡು, ಅಂಟು, ಟೈಲು ಸೇರಿ ನೆಲ ಹೆಚ್ಚುಕಮ್ಮಿ ಒಂದಿಂಚು ಏರತ್ತೆ, ಬಾಗಿಲು ಕೆಳಗೆ ಕೊಯ್ಸಿದ್ರಾಯ್ತು, ಆದ್ರೆ ಕೌಂಟರ್ ಕೆಳಗಿನ ಡಿಶ್‌ವಾಶರ್ ಹಾಗೇ ಬಿಟ್ಟು ಮುಂದೆ ಮಾತ್ರ ಟೈಲ್ಸ್ ಹಾಕಿದ್ದೆ, ಕೆಟ್ಟಾಗ ಅದನ್ನ ಈಚೆ ಎಳಿಯಕ್ಕೇ ಆಗ್ಲಿಲ್ಲ, ಕೊನೆಗೆ ಕೌಂಟರ್ ಕಲ್ಲನ್ನೇ ಎತ್ತಿಸ್ಬೇಕಾಯ್ತು.