ಫಾರ್ಮ್ಯಾಟ್ ಹೊಡೆಸುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿ

ಮಗಳ ಪ್ರಾಜೆಕ್ಟ್ ರಿಪೋರ್ಟ್ ಇನ್ನೇನು ಮುಗಿಯಿತು ಅನ್ನುವಾಗ ನಮ್ಮ ಮನೆ ಡೆಸ್ಕ್‌ಟಾಪ್ ಟಪ್ ಅಂತ ಆಫ್ ಆಯಿತು. ಆನ್ ಮಾಡಿದರೆ 10 ನಿಮಿಷ ಚೆನ್ನಾಗಿರುತ್ತದೆ, ಮತ್ತೆ ಟಪ್. ಅಂಗಡಿಗೆ ಫೋನ್ ಮಾಡಿದೆ. "ವೈರಸ್ ಇರ್ಬೇಕು ಸಾರ್, ತಗೊಂಬನ್ನಿ, ಫಾರ್ಮ್ಯಾಟ್ ಹೊಡೆದ್ಬಿಡೋಣ" ಅಂದರು. ಕಣ್ಣಲ್ಲಿ ನೋಡದೇನೇ!

ಮೊದಲು ಅದು ಹೇಗೆ ಸಾಯುತ್ತಿದೆ ಅಂತ ಗಮನಿಸಿ. ಕರೆಂಟ್ ಹೋದ ಹಾಗೆ ಒಮ್ಮೆಲೇ ಆಫ್ ಆದರೆ ಅನುಮಾನ ಬಿಸಿಯ ಮೇಲೆ, ಇಲ್ಲವೇ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಮೇಲೆ. ನೀಲಿ ಪರದೆ ಬಂದರೆ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್, ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಅಥವಾ ಡಿಸ್ಕ್ ಕಡೆ ನೋಡಬೇಕು. ಹೊಸ ವಿಂಡೋಸ್ 11ರಲ್ಲಿ ಆ ಪರದೆ ಕಪ್ಪಾಗಿದೆ, ಗಾಬರಿಯಾಗಬೇಡಿ. ಅದರ ಕೆಳಗೆ ಬರುವ ಸ್ಟಾಪ್ ಕೋಡ್ ಅನ್ನು ಮೊಬೈಲ್‌ನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ.

ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ' ಅಂತ ಟೈಪ್ ಮಾಡಿ, ರಿಲಯಬಿಲಿಟಿ ಹಿಸ್ಟರಿ ತೆರೆಯಿರಿ. ಯಾವ ದಿನ ಏನು ಕೆಟ್ಟಿತು ಅಂತ ಕೆಂಪು ಗುರುತು ಇರುತ್ತದೆ. ಅದೇ ದಿನ ಹೊಸ ಡ್ರೈವರ್ ಬಂದು ಕೂತಿದ್ದರೆ ಕಳ್ಳ ಅರ್ಧ ಸಿಕ್ಕ ಹಾಗೆ, ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಮಾಡಿ, ಅಂದರೆ ಹಳೇ ಡ್ರೈವರ್‌ಗೆ ಮರಳಿ. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್ ತೆರೆದರೆ 'ಕರ್ನಲ್ ಪವರ್ 41' ಅಂತ ಕಾಣಬಹುದು. ಇದನ್ನು ನೋಡಿ ಎಷ್ಟೋ ಜನ ಸುಮ್ನೆ ಎಸ್‌ಎಂಪಿಎಸ್ ಬದಲಾಯಿಸುತ್ತಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅನ್ನುವುದಷ್ಟೇ ಆ 41ರ ಅರ್ಥ, ಯಾಕೆ ನಿಂತಿತು ಅಂತ ಅದು ಹೇಳುವುದಿಲ್ಲ.

ಇನ್ನು ಬಿಸಿ. ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ (ವಿಂಡೋಸ್‌ಗೂ ಮುಂಚೆ ಬರುವ ಸೆಟ್ಟಿಂಗ್ ಪರದೆಗೆ) ಹೋದರೆ ಸಾಮಾನ್ಯವಾಗಿ ಪ್ರೊಸೆಸರ್‌ನ ತಾಪಮಾನ ಕಾಣುತ್ತದೆ. ಏನೂ ಕೆಲಸ ಮಾಡದೆ ಕೂತಾಗಲೇ 80–90 ಡಿಗ್ರಿ ತೋರಿಸುತ್ತಿದ್ದರೆ ಬೇರೆ ಕಡೆ ಹುಡುಕಬೇಡಿ. 100 ಡಿಗ್ರಿ ಹತ್ತಿರ ಹೋದಾಗ ಪ್ರೊಸೆಸರ್ ಮೊದಲು ವೇಗ ತಗ್ಗಿಸುತ್ತದೆ, ಆಮೇಲೂ ಏರಿದರೆ ತಾನು ಸುಟ್ಟುಹೋಗಬಾರದು ಅಂತ ಆಫ್ ಆಗಿಬಿಡುತ್ತದೆ.

ನಮ್ಮದರಲ್ಲಿ 93 ಇತ್ತು. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿದು ಬಿಟ್ಟು, ಬಾಲ್ಕನಿಯಲ್ಲಿ ಕ್ಯಾಬಿನೆಟ್ ಬಿಚ್ಚಿದೆ. ಫ್ಯಾನ್ ಕೆಳಗೆ, ಪ್ರೊಸೆಸರ್‌ನ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಮೇಲೆ ಧೂಳು ಕಂಬಳಿ ಹಾಗೆ ಕೂತಿತ್ತು, ಬೆರಳಲ್ಲಿ ಎಳೆದರೆ ಇಡೀ ಹಾಳೆಯೇ ಎದ್ದು ಬಂತು, ಒಳಗೆ ಎರಡು ಸತ್ತ ಜಿರಳೆ ಬೇರೆ. ಪೇಂಟ್ ಬ್ರಷ್‌ನಿಂದ ಮೆಲ್ಲಗೆ ಒರೆಸಿ, ಬ್ಲೋವರ್ ಹಿಡಿಯಿರಿ. ಆಗ ಫ್ಯಾನ್ ರೆಕ್ಕೆಯನ್ನು ಬೆರಳಿಂದ ಒತ್ತಿ ಹಿಡಿದಿರಬೇಕು, ಸುಮ್ನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಹೀಟ್‌ಸಿಂಕ್ ಕಿತ್ತರೆ ಹಳೇ ಪೇಸ್ಟ್ ಒರೆಸಿ, ಪ್ರೊಸೆಸರ್‌ನಿಂದ ಹೀಟ್‌ಸಿಂಕ್‌ಗೆ ಬಿಸಿ ದಾಟಿಸುವ ಹೊಸ ಥರ್ಮಲ್ ಪೇಸ್ಟ್ ಹಾಕಲೇಬೇಕು, ಬಟಾಣಿ ಕಾಳಿನಷ್ಟು ಸಾಕು.

ಬಿಚ್ಚಿದ್ದೀರಲ್ಲ, ರ‍್ಯಾಮ್ ಕೂಡ ನೋಡಿಬಿಡಿ. ಎರಡೂ ಕಡೆ ಲಾಕ್ ಸರಿಸಿ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಅಂಗಡಿಯಲ್ಲಿ ಎಷ್ಟೋ ಸಲ ಮಾಡೋದೂ ಇಷ್ಟೇ! ಎರಡು ರ‍್ಯಾಮ್ ಇದ್ದರೆ ಒಂದೊಂದೇ ಹಾಕಿ ಅರ್ಧ ದಿನ ಓಡಿಸಿ ನೋಡಿ. ರಾತ್ರಿ ಮಲಗುವ ಮುಂಚೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಹಚ್ಚಿಬಿಡಿ, ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ನಂಬಬೇಡಿ.

ಇಷ್ಟಾದ ಮೇಲೂ ಆಫ್ ಆಗುತ್ತಿದ್ದರೆ ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ. ಬ್ಯಾಟರಿ ಸತ್ತ ಯುಪಿಎಸ್ ವೋಲ್ಟೇಜ್ ಸ್ವಲ್ಪ ಇಳಿದರೂ ಕೈಕೊಡುತ್ತದೆ. ಆಗಲೂ ಆಫ್ ಆದರೆ ಎಸ್‌ಎಂಪಿಎಸ್ ಸರದಿ. ಗೆಳೆಯರದ್ದು ಒಂದು ದಿನಕ್ಕೆ ಸಾಲ ತಂದು ಹಾಕಿ ನೋಡಿ, ಆದರೆ ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ನಮ್ಮದು ಈಗ 46 ಡಿಗ್ರಿಯಲ್ಲಿದೆ. ಖರ್ಚು ಒಂದು ಟ್ಯೂಬ್ ಪೇಸ್ಟ್‌ನದ್ದು, ಜೊತೆಗೆ ಮಗಳ ಪೆನ್ಸಿಲ್ ಬಾಕ್ಸಿನಿಂದ ಕದ್ದ ರಬ್ಬರ್.